ಅಡ್ರಿನಲ್ ಗಡ್ಡೆ ತೆಗೆಯುವಾಗ ಬಿಪಿ ಯಾಕೆ ಹೀಗೆ ಏರಿಳಿಯುತ್ತದೆ?

ಪ್ರಶ್ನೆ: ನನ್ನ ತಾಯಿಗೆ 54 ವರ್ಷ. ಎರಡು ವರ್ಷದಿಂದ ಆಗಾಗ ತಲೆ ಸಿಡಿಯುವಂಥ ನೋವು, ಮೈಯೆಲ್ಲ ಬೆವರು, ಎದೆ ಡವಡವ. ಇಪ್ಪತ್ತು ನಿಮಿಷದಲ್ಲಿ ತಾನಾಗಿಯೇ ಇಳಿದುಹೋಗುತ್ತಿತ್ತು. ಈಗ ಸ್ಕ್ಯಾನ್‌ನಲ್ಲಿ ಬಲಗಡೆಯ ಅಡ್ರಿನಲ್ ಗ್ರಂಥಿಯಲ್ಲಿ 4.5 ಸೆಂ.ಮೀ. ಗಡ್ಡೆ ಕಂಡಿದೆ, ಫಿಯೋಕ್ರೋಮೋಸೈಟೋಮಾ ಎಂದಿದ್ದಾರೆ. ತೆಗೆಯಲೇಬೇಕು ಎಂದವರೇ ಮೂರು ವಾರ ಮುಂದೂಡಿದ್ದಾರೆ. ಮಾತ್ರೆ ಶುರುವಾದ ಮೇಲೆ ಎದ್ದು ನಿಂತರೆ ತಲೆ ಸುತ್ತು, ಮೂಗು ಕಟ್ಟಿಕೊಂಡಿರುತ್ತದೆ. ಉಪ್ಪು ಬಿಡಿ ಎನ್ನುತ್ತಿದ್ದ ವೈದ್ಯರು ಈಗ ಉಪ್ಪು, ನೀರು ಎರಡನ್ನೂ ಹೆಚ್ಚು ಮಾಡಿ ಎನ್ನುತ್ತಾರೆ. ಒಪ್ಪಿಗೆ ಪತ್ರದಲ್ಲಿ ‘ಆಪರೇಷನ್ ವೇಳೆ ಬಿಪಿ ವಿಪರೀತ ಏರಬಹುದು, ವಿಪರೀತ ಇಳಿಯಬಹುದು’ ಎಂದು ಓದಿದ ಮೇಲೆ ನಿದ್ದೆ ಹಾರಿಹೋಗಿದೆ. ಅಪಾಯ ನಿಜಕ್ಕೂ ಎಷ್ಟು? ಕಾಯುವಷ್ಟರಲ್ಲಿ ಗಡ್ಡೆ ಬೆಳೆದುಬಿಟ್ಟರೆ?

ಉತ್ತರ: ಒಪ್ಪಿಗೆ ಪತ್ರದಲ್ಲಿ ಬರೆದಿರುವುದು ನಿಜ. ಈ ಆಪರೇಷನ್‌ನಲ್ಲಿ ಬಿಪಿ ಏರುತ್ತದೆ, ಆಮೇಲೆ ಬೀಳುತ್ತದೆ. ಅರಿವಳಿಕೆ ಕೊಡುವುದು ನನ್ನ ಕೆಲಸ. ಇಂಥ ರೋಗಿಗಳ ತಲೆಯ ಬಳಿ ನಿಂತು ಆ ಏರಿಳಿತವನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದು ಎಷ್ಟು ಏರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದರ ಬಹುಪಾಲು ತೀರ್ಮಾನವಾಗುವುದು ಆಪರೇಷನ್ ಥಿಯೇಟರ್‌ನಲ್ಲಿ ಅಲ್ಲ, ನೀವೀಗ ಕಳೆಯುತ್ತಿರುವ ಈ ಮೂರು ವಾರಗಳಲ್ಲಿ. ನಿಮ್ಮ ತಾಯಿಯ ಚಿಕಿತ್ಸೆ ಮುಂದಕ್ಕೆ ಹೋಗಿಲ್ಲ. ಮೊದಲ ಮಾತ್ರೆ ನುಂಗಿದ ದಿನವೇ ಶುರುವಾಗಿದೆ.

ಗಡ್ಡೆ ಬೆಳೆಯುವ ಭಯವನ್ನು ಮೊದಲು ಬಿಟ್ಟುಬಿಡಿ. ಈ ಗಡ್ಡೆಗಳಲ್ಲಿ ಹೆಚ್ಚಿನವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವಂಥವು. ಮೂರು ವಾರದಲ್ಲಿ ಅದರ ಗಾತ್ರ ಬದಲಾಗುವುದಿಲ್ಲ. ಬದಲಾಗುವುದು ನಿಮ್ಮ ತಾಯಿಯ ರಕ್ತನಾಳಗಳು, ನಮಗೆ ಬೇಕಾಗಿರುವುದೂ ಅದೇ.

ಯಾಕೆಂದು ವಿವರಿಸುತ್ತೇನೆ. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲ್. ಒಂದೊಂದರ ತೂಕ ನಾಲ್ಕೈದು ಗ್ರಾಂ, ಅಷ್ಟೆ. ಅವುಗಳ ಒಳತಿರುಳು ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಹೆದರಿದಾಗ ಎದೆ ಹೊಡೆದುಕೊಳ್ಳುವುದು, ಅಂಗೈ ತಣ್ಣಗಾಗುವುದು ಇವುಗಳಿಂದಲೇ. ಆರೋಗ್ಯವಂತ ಗ್ರಂಥಿಗೆ ನರಗಳ ಕಡಿವಾಣ ಇರುತ್ತದೆ. ಮೆದುಳು ಹೇಳಿದಾಗ ಸುರಿಸುತ್ತದೆ, ಸಾಕೆಂದಾಗ ನಿಲ್ಲಿಸುತ್ತದೆ. ಫಿಯೋಕ್ರೋಮೋಸೈಟೋಮಾ ಗಡ್ಡೆಗೆ ಆ ಕಡಿವಾಣವೇ ಇಲ್ಲ. ಅದು ತನಗೆ ತೋಚಿದಾಗ ಸುರಿಸುತ್ತದೆ. ಅಮುಕಿದರೂ ಸುರಿಸುತ್ತದೆ. ನಿಮ್ಮ ತಾಯಿಗೆ ಬರುತ್ತಿದ್ದ ಇಪ್ಪತ್ತು ನಿಮಿಷದ ತಲೆನೋವು, ಬೆವರು, ಡವಡವ ಅಂಥ ಒಂದೊಂದು ಸುರಿತ. ಹೊಟ್ಟೆಯ ಮೇಲೆ ಒತ್ತಡ ಬಿದ್ದರೆ, ಬಗ್ಗಿದರೆ, ಮುಕ್ಕಿರಿದರೆ ಕೆಲವರಿಗೆ ಇದು ಕೆರಳುತ್ತದೆ. ಅಂದಮೇಲೆ ಶಸ್ತ್ರವೈದ್ಯರು ಆ ಗಡ್ಡೆಯನ್ನೇ ಹಿಡಿದು ಬಿಡಿಸುವಾಗ ಏನಾಗಬಹುದೆಂದು ನೀವೇ ಊಹಿಸಬಹುದು.

ನಾರ್‌ಅಡ್ರಿನಲಿನ್ ರಕ್ತನಾಳದ ಗೋಡೆಯಲ್ಲಿ ಹಾರ್ಮೋನಿನ ಸಂದೇಶ ಹಿಡಿಯುವ ಆಲ್ಫಾ ರಿಸೆಪ್ಟರ್‌ಗಳಿಗೆ ತಾಗಿದರೆ ನಾಳ ಬಿಗಿದುಕೊಳ್ಳುತ್ತದೆ, ಬಿಪಿ ಏರುತ್ತದೆ. ಈಗ ಕೊಡುತ್ತಿರುವುದು ಆಲ್ಫಾ ಬ್ಲಾಕರ್ ಮಾತ್ರೆ. ಫಿನಾಕ್ಸಿಬೆಂಜಮಿನ್, ಪ್ರಜೋಸಿನ್, ಡಾಕ್ಸಜೋಸಿನ್, ಇವುಗಳಲ್ಲಿ ಯಾವುದೋ ಒಂದು ಇರಬೇಕು. ಗಡ್ಡೆ ಕೂಗುವುದನ್ನು ಈ ಮಾತ್ರೆ ನಿಲ್ಲಿಸುವುದಿಲ್ಲ. ರಕ್ತನಾಳಗಳ ಕಿವಿಗೆ ಹತ್ತಿ ಇಡುತ್ತದೆ. ಕೂಗು ಅಷ್ಟೇ ಇರುತ್ತದೆ, ಕೇಳಿಸುವುದು ಕಡಿಮೆ. ಈ ಹತ್ತಿಯ ಮಾತು ನೆನಪಿರಲಿ, ಆಪರೇಷನ್‌ನ ಕೊನೆಯಲ್ಲಿ ಇದೇ ನಮಗೆ ಇನ್ನೊಂದು ತೊಡಕು ತರುತ್ತದೆ.

ಮೂಗು ಕಟ್ಟಿಕೊಳ್ಳುವುದೂ ಇದರಿಂದಲೇ. ಮೂಗಿನ ಒಳಪದರದ ರಕ್ತನಾಳಗಳೂ ಸಡಿಲಗೊಂಡು ಉಬ್ಬುತ್ತವೆ. ಕಿರಿಕಿರಿ ಎಂಬುದು ನಿಜ, ಆದರೆ ವಾರ್ಡ್‌ನಲ್ಲಿ ರೋಗಿ ಮೂಗು ಕಟ್ಟಿದೆ ಎಂದರೆ ನಮಗೆ ಒಳಗೊಳಗೇ ಸಮಾಧಾನ. ಮಾತ್ರೆ ಹಿಡಿದಿದೆ ಎಂದರ್ಥ. ನಿಂತಾಗ ತಲೆ ಸುತ್ತುವುದೂ ಅದೇ ಗುರುತು.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು, ಈ ಪತ್ರದಲ್ಲಿ ನಾನು ಬರೆಯುತ್ತಿರುವ ಅತಿ ಮುಖ್ಯವಾದ ಮಾತು ಇದೇ ಇರಬಹುದು. ಮೂಗು ಕಟ್ಟಿದೆ ಎಂದು ಔಷಧಿ ಅಂಗಡಿಯಿಂದ ನೆಗಡಿಯ ಮಾತ್ರೆಯನ್ನೋ ಮೂಗಿನ ಹನಿಯನ್ನೋ ತಂದು ಕೊಡಬೇಡಿ. ಅವುಗಳಲ್ಲಿ ಸ್ಯೂಡೋಎಫೆಡ್ರಿನ್, ಫಿನೈಲ್‌ಎಫ್ರಿನ್, ಆಕ್ಸಿಮೆಟಜೋಲಿನ್‌ನಂಥ ಅಂಶಗಳಿರುತ್ತವೆ. ಮೂಗಿನ ರಕ್ತನಾಳ ಬಿಗಿ ಮಾಡುವುದೇ ಅವುಗಳ ಕೆಲಸ. ಅಂದರೆ ನಾವು ಒಂದು ಕಡೆ ಸಡಿಲಿಸುತ್ತಿರುವುದನ್ನು ಅವು ಇನ್ನೊಂದು ಕಡೆಯಿಂದ ಬಿಗಿಯುತ್ತವೆ, ಕೆಲವೊಮ್ಮೆ ಗಡ್ಡೆಯಿರುವವರಲ್ಲಿ ದೊಡ್ಡ ಬಿಕ್ಕಟ್ಟನ್ನೇ ತರುತ್ತವೆ. ವಾಂತಿಗೆ ಎಲ್ಲೆಡೆ ಸಲೀಸಾಗಿ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಈ ರೋಗಿಗಳಿಗೆ ಆಗದು. ಕೆಲವು ಖಿನ್ನತೆಯ ಔಷಧಿಗಳು, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್‌ಗಳೂ ಇದೇ ಸಾಲಿನವು. ಆಪರೇಷನ್ ಮುಗಿಯುವ ತನಕ ತಲೆನೋವು, ನೆಗಡಿ, ವಾಂತಿ ಏನೇ ಬಂದು ಯಾವ ವೈದ್ಯರ ಬಳಿ ಹೋದರೂ ‘ಫಿಯೋಕ್ರೋಮೋಸೈಟೋಮಾ ಇದೆ’ ಎಂದು ಮೊದಲು ಹೇಳಿ, ಆಮೇಲೆ ಉಳಿದ ಮಾತು. ಒಂದು ಚೀಟಿಯಲ್ಲಿ ಬರೆದು ತಾಯಿಯ ಪರ್ಸ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ಉಪ್ಪಿನ ವಿಚಾರ. ಜೀವಮಾನವಿಡೀ ಬಿಪಿಗೆ ಉಪ್ಪು ಶತ್ರು ಎಂದು ಕೇಳಿದವರಿಗೆ ಈ ಸಲಹೆ ತಲೆಕೆಳಗಾಗಿ ಕಾಣುವುದು ಸಹಜ. ತಿಂಗಳುಗಟ್ಟಲೆ, ವರ್ಷಗಟ್ಟಲೆ ರಕ್ತನಾಳಗಳು ಬಿಗಿದುಕೊಂಡೇ ಇದ್ದರೆ ಒಳಗಿನ ಜಾಗ ಕುಗ್ಗುತ್ತದೆ. ಜಾಗ ಕುಗ್ಗಿದಂತೆ ದೇಹವೂ ಹೆಚ್ಚಾದ ನೀರು, ಉಪ್ಪನ್ನು ಮೂತ್ರದಲ್ಲಿ ಹೊರಹಾಕಿಬಿಡುತ್ತದೆ. ಹಾಗಾಗಿ ಬಿಪಿ 200 ತೋರಿಸುವ ವ್ಯಕ್ತಿಯ ಮೈಯಲ್ಲಿ ರಕ್ತದ ಪ್ರಮಾಣ ನಿಜಕ್ಕೂ ಕಡಿಮೆ ಇರುತ್ತದೆ. ಅಂಥವರ ಗಡ್ಡೆಯನ್ನು ಒಮ್ಮೆಲೇ ತೆಗೆದರೆ ನಾಳಗಳು ಸಡಿಲವಾಗುತ್ತವೆ, ಅವುಗಳನ್ನು ತುಂಬಲು ರಕ್ತ ಸಾಲುವುದಿಲ್ಲ. ಆದ್ದರಿಂದ ಮಾತ್ರೆಯಿಂದ ನಾಳಗಳನ್ನು ನಿಧಾನವಾಗಿ ಅಗಲಿಸುತ್ತಾ, ಉಪ್ಪು, ನೀರು ಎರಡರಿಂದಲೂ ಅವುಗಳನ್ನು ತುಂಬುತ್ತಾ ಬರುತ್ತೇವೆ. ಇದಕ್ಕೊಂದು ಕ್ರಮವಿದೆ. ಆಲ್ಫಾ ಮಾತ್ರೆ ಶುರುವಾಗಿ ಎರಡು ಮೂರು ದಿನ ಕಳೆದ ಮೇಲೆಯೇ ಉಪ್ಪು ಹೆಚ್ಚಿಸುವುದು. ಹೃದಯ ದುರ್ಬಲವಾಗಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಈ ಸಲಹೆ ಅನ್ವಯಿಸುವುದಿಲ್ಲ. ನಿಮ್ಮ ತಾಯಿಗೆ ಎಕೋ ಪರೀಕ್ಷೆ ಆಗಿದೆಯೇ ನೋಡಿಕೊಳ್ಳಿ. ಈ ಹಾರ್ಮೋನುಗಳು ದೀರ್ಘಕಾಲ ಬಡಿಯುತ್ತಿದ್ದರೆ ಹೃದಯದ ಸ್ನಾಯುವೇ ಬಳಲುತ್ತದೆ, ಅದನ್ನು ಮುಂಚಿತವಾಗಿ ತಿಳಿದಿರಬೇಕು.

ನಾಲ್ಕೈದು ದಿನದ ನಂತರ ನಾಡಿ ವೇಗವಾದರೆ ಬೀಟಾ ಬ್ಲಾಕರ್ ಎಂಬ ಇನ್ನೊಂದು ಮಾತ್ರೆ ಸೇರಿಸಬಹುದು. ಇದನ್ನು ಆಲ್ಫಾ ಮಾತ್ರೆಗಿಂತ ಮೊದಲು ಎಂದಿಗೂ ಶುರು ಮಾಡಬಾರದು. ಬೀಟಾ ರಿಸೆಪ್ಟರ್‌ಗಳಲ್ಲಿ ಒಂದು ಬಗೆ ಸ್ನಾಯುಗಳ ರಕ್ತನಾಳವನ್ನು ಹಿಗ್ಗಿಸುತ್ತಿರುತ್ತದೆ. ಅದನ್ನು ಮುಚ್ಚಿಬಿಟ್ಟರೆ ಬಿಗಿಯುವ ಶಕ್ತಿಗೆ ಎದುರಾಳಿಯೇ ಇಲ್ಲದಂತಾಗಿ ಬಿಪಿ ಇನ್ನಷ್ಟು ಏರುತ್ತದೆ. ಅದೇ ಹೊತ್ತಿಗೆ ಹೃದಯದ ಬಲವೂ ತಗ್ಗಿರುತ್ತದೆ. ಎರಡೂ ಸೇರಿ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡ ಪ್ರಸಂಗಗಳಿವೆ. ಎದೆ ಡವಡವ ಎಂದು ಯಾರೋ ಹಿಂದೆ ಬರೆದುಕೊಟ್ಟ ಬೀಟಾ ಮಾತ್ರೆ ಮನೆಯಲ್ಲಿದ್ದರೆ, ಅದರ ಬಗ್ಗೆ ಈಗಿನ ವೈದ್ಯರಿಗೆ ಹೇಳಿ.

ಮನೆಯಲ್ಲಿ ನೀವು ಮಾಡಬಹುದಾದ ಅತ್ಯುತ್ತಮ ಕೆಲಸ ಡೈರಿ ಬರೆಯುವುದು. ಬೆಳಿಗ್ಗೆ ಸಂಜೆ ಎರಡು ಹೊತ್ತು, ಮೊದಲು ಐದು ನಿಮಿಷ ಕೂತು ಬಿಪಿ, ನಾಡಿ. ಆಮೇಲೆ ಎದ್ದು ನಿಂತು ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ. ಕೂತಾಗ 130/80ಕ್ಕಿಂತ ಕೆಳಗೆ, ನಿಂತಾಗ ಮೇಲಿನ ಅಂಕೆ 90ಕ್ಕಿಂತ ಕಡಿಮೆಯಾಗದಂತೆ, ನಾಡಿ ಕೂತಾಗ 60ರಿಂದ 70, ನಿಂತಾಗ 70ರಿಂದ 80. ಸಾಮಾನ್ಯವಾಗಿ ನಾವು ಇಟ್ಟುಕೊಳ್ಳುವ ಗುರಿ ಇದು, ನಿಮ್ಮ ತಾಯಿಗೆ ವೈದ್ಯರು ಬೇರೆ ಅಂಕೆ ಹೇಳಿದ್ದರೆ ಅದನ್ನೇ ಅನುಸರಿಸಿ. ತಲೆ ಸುತ್ತುತ್ತದೆ ಎಂದು ಮಾತ್ರೆ ಬಿಡಿಸಬೇಡಿ. ಹಾಸಿಗೆಯಿಂದ ಏಳುವಾಗ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಲಿ, ರಾತ್ರಿ ಬಚ್ಚಲಿಗೆ ಹೋಗುವಾಗ ಯಾರಾದರೂ ಜೊತೆಗಿರಲಿ. ನಿಂತಾಗ 90ಕ್ಕಿಂತ ಕೆಳಗಿಳಿದರೆ, ಅಥವಾ ಕಣ್ಣು ಕತ್ತಲಾಗಿ ಕುಸಿದರೆ ಆಗ ವೈದ್ಯರಿಗೆ ಫೋನ್ ಮಾಡಿ, ಪ್ರಮಾಣ ಅವರು ಸರಿಹೊಂದಿಸುತ್ತಾರೆ.

ಯಾವ ಆಲ್ಫಾ ಮಾತ್ರೆ ಉತ್ತಮ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ನೆದರ್ಲೆಂಡ್ಸ್‌ನಲ್ಲಿ 134 ರೋಗಿಗಳ ಮೇಲೆ ಫಿನಾಕ್ಸಿಬೆಂಜಮಿನ್ ಮತ್ತು ಡಾಕ್ಸಜೋಸಿನ್ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆಪರೇಷನ್‌ನ ಒಟ್ಟು ಸಮಯದಲ್ಲಿ ಬಿಪಿ ಗುರಿಯಿಂದ ಆಚೆ ಇದ್ದದ್ದು ಮೊದಲನೆಯದರಲ್ಲಿ ಶೇ 11.1, ಎರಡನೆಯದರಲ್ಲಿ ಶೇ 12.2. ಅಂದರೆ ಹೆಚ್ಚು ಕಡಿಮೆ ಒಂದೇ. ಏರಿಳಿತದ ಒಟ್ಟಾರೆ ಅಂಕ ಮಾತ್ರ ಫಿನಾಕ್ಸಿಬೆಂಜಮಿನ್ ಪಡೆದವರಲ್ಲಿ ತುಸು ಕಡಿಮೆಯಿತ್ತು. ನಿಮಗೆ ಈ ಅಂಕೆಗಳನ್ನು ಹೇಳುತ್ತಿರುವುದು ಬೇರೆ ಕಾರಣಕ್ಕೆ. ಎರಡು ಗಂಟೆಯ ಆಪರೇಷನ್ ಎಂದುಕೊಂಡರೆ ಶೇ 12 ಎಂದರೆ ಸುಮಾರು ಹದಿನಾಲ್ಕು ನಿಮಿಷ. ‘ವಿಪರೀತ ಏರಬಹುದು, ವಿಪರೀತ ಇಳಿಯಬಹುದು’ ಎಂಬ ವಾಕ್ಯ ಓದಿದಾಗ ಇಡೀ ಆಪರೇಷನ್ ಹಾಗೇ ನಡೆಯುತ್ತದೆ ಎನಿಸುತ್ತದೆ. ಸಿದ್ಧತೆ ಮಾಡಿಕೊಂಡವರಲ್ಲಿ ಹಾಗಿರುವುದಿಲ್ಲ.

ಜರ್ಮನಿಯ ಎಸೆನ್‌ನ ಒಂದು ಅನುಭವಿ ತಂಡ ಆಲ್ಫಾ ಮಾತ್ರೆಯೇ ಇಲ್ಲದೆ ಆಪರೇಷನ್ ಮಾಡಿ, ಅರಿವಳಿಕೆಯ ವೇಳೆ ಕೊಡುವ ಔಷಧಿಗಳಿಂದಲೇ ಬಿಪಿ ಹಿಡಿತದಲ್ಲಿಡಬಹುದು ಎಂದು ತೋರಿಸಿದೆ. ಇದನ್ನು ಎಲ್ಲೋ ಓದಿ ‘ಹಾಗಾದರೆ ಮಾತ್ರೆ ಯಾಕೆ’ ಎಂದು ಕೇಳುವವರಿದ್ದಾರೆ. ಆ ಫಲಿತಾಂಶವನ್ನು ನಾನು ಗೌರವಿಸುತ್ತೇನೆ. ಆದರೆ ಇಂಥ ಗಡ್ಡೆಗಳನ್ನು ನೂರಾರು ಸಂಖ್ಯೆಯಲ್ಲಿ ತೆಗೆದ ಕೈಗಳ ಫಲಿತಾಂಶ ಅದು. ಬಹುತೇಕ ತಜ್ಞ ಮಾರ್ಗಸೂಚಿಗಳು ಇಂದಿಗೂ 7ರಿಂದ 14 ದಿನದ ಸಿದ್ಧತೆ ಬೇಕೆನ್ನುತ್ತವೆ. ನನ್ನ ಮನೆಯವರಿಗೇ ಆಗಬೇಕಿದ್ದರೂ ನಾನು ಮಾತ್ರೆ ಕೊಟ್ಟು ಕಾಯುತ್ತೇನೆ.

ಈಗ ಥಿಯೇಟರ್ ಒಳಗೆ ಬನ್ನಿ.

ನಿದ್ದೆ ಬರಿಸುವ ಮೊದಲೇ ಮಣಿಕಟ್ಟಿನ ಧಮನಿಗೆ ಒಂದು ಸಣ್ಣ ನಳಿಕೆ ಹಾಕುತ್ತೇವೆ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು. ತೋಳಿಗೆ ಕಟ್ಟುವ ಪಟ್ಟಿ ಕೆಲವು ನಿಮಿಷಕ್ಕೊಮ್ಮೆ ಬಿಪಿ ಹೇಳಿದರೆ ಇದು ಪ್ರತಿ ಬಡಿತದ ಬಿಪಿಯನ್ನು ಪರದೆಯ ಮೇಲೆ ಕೆಂಪು ಅಲೆಯಾಗಿ ತೋರಿಸುತ್ತದೆ. ಒಂದು ನಿಮಿಷದಲ್ಲಿ ನೂರು ಅಂಕ ಏರುವ ಕಾಯಿಲೆಯಲ್ಲಿ ಆ ಪಟ್ಟಿಯನ್ನೇ ನಂಬಿ ಕೂರಲಾಗದು. ಔಷಧಿ ತುಂಬಿದ ಸಿರಿಂಜ್‌ಗಳು ಆಗಲೇ ಪಂಪ್‌ಗಳಲ್ಲಿ ಕೂತಿರುತ್ತವೆ. ನಮ್ಮ ರೂಢಿಯಲ್ಲಿ ಇಳಿಸುವ ಔಷಧಿಗಳು ಒಂದು ಕಡೆ, ಏರಿಸುವವು ಇನ್ನೊಂದು ಕಡೆ. ನೈಟ್ರೋಪ್ರಸೈಡ್, ನೈಟ್ರೋಗ್ಲಿಸರಿನ್, ನಿಕಾರ್ಡಿಪಿನ್, ಫೆಂಟೊಲಮಿನ್, ನಾಡಿಗೆ ಎಸ್ಮೊಲಾಲ್, ಇವುಗಳಲ್ಲಿ ಲಭ್ಯವಿರುವುದು ಇಳಿಸುವ ಕಡೆ. ಮೆಗ್ನೀಸಿಯಂ ಸಲ್ಫೇಟ್ ನನ್ನ ಅಚ್ಚುಮೆಚ್ಚಿನದು. ಅದು ಹಾರ್ಮೋನ್ ಸುರಿಯುವುದನ್ನೂ ತಗ್ಗಿಸುತ್ತದೆ, ನಾಳಗಳನ್ನೂ ಸಡಿಲಿಸುತ್ತದೆ, ಹೃದಯದ ಲಯವನ್ನೂ ಕಾಯುತ್ತದೆ.

ಬಿಪಿ ಏರುವ ಘಳಿಗೆಗಳು ನಮಗೆ ಮೊದಲೇ ಗೊತ್ತಿರುತ್ತವೆ. ಗಂಟಲಿಗೆ ಉಸಿರಾಟದ ನಳಿಕೆ ಇಳಿಸುವಾಗ ಒಮ್ಮೆ, ಅದಕ್ಕೇ ಅರಿವಳಿಕೆ ಆಳವಾಗುವ ತನಕ ನಳಿಕೆಯ ತಂಟೆಗೆ ಹೋಗುವುದಿಲ್ಲ. ಚರ್ಮ ಕೊಯ್ಯುವಾಗ ಒಮ್ಮೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ಆಪರೇಷನ್‌ನಲ್ಲಿ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬುವಾಗ ಇನ್ನೊಮ್ಮೆ, ಆ ಒತ್ತಡ ಗಡ್ಡೆಯನ್ನು ಹಿಂಡುತ್ತದೆ, ಹೀರಿಕೊಂಡ ಅನಿಲವೂ ಕೆರಳಿಸುತ್ತದೆ. ಅನಿಲವನ್ನು ನಿಧಾನವಾಗಿ, ಕಡಿಮೆ ಒತ್ತಡದಲ್ಲಿ ತುಂಬಿದರೆ ಇದು ಸಾಕಷ್ಟು ತಗ್ಗುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಗಡ್ಡೆಯನ್ನೇ ಮುಟ್ಟುವ ಘಳಿಗೆ.

ಆ ಹೊತ್ತಿನಲ್ಲಿ ಥಿಯೇಟರ್‌ನಲ್ಲಿ ಬೇರೆ ಮಾತಿರುವುದಿಲ್ಲ. ಶಸ್ತ್ರವೈದ್ಯರು ‘ಮುಟ್ಟುತ್ತಿದ್ದೇನೆ’ ಎನ್ನುತ್ತಾರೆ. 124 ಇದ್ದ ಮೇಲಿನ ಅಂಕೆ 140, 165, 190 ಎಂದು ಕಣ್ಣೆದುರೇ ಮೆಟ್ಟಿಲು ಹತ್ತುತ್ತದೆ, ಕೆಂಪು ಅಲೆ ಚೂಪಾಗುತ್ತದೆ, ನಾಡಿಯ ಸದ್ದು ಬಿರುಸಾಗುತ್ತದೆ. ಪಂಪ್‌ನ ವೇಗ ಹೆಚ್ಚಿಸುತ್ತಾ ‘ನಿಲ್ಲಿಸಿ’ ಎನ್ನುತ್ತೇನೆ. ಅವರು ಉಪಕರಣ ಹಿಂದೆಗೆದು ಕೈ ಕಟ್ಟಿ ನಿಲ್ಲುತ್ತಾರೆ. ಒಂದು ನಿಮಿಷ, ಒಂದೂವರೆ ನಿಮಿಷ. ಈ ಹಾರ್ಮೋನುಗಳ ಆಯಸ್ಸು ರಕ್ತದಲ್ಲಿ ಬಹಳ ಕಡಿಮೆ, ಒಂದೆರಡು ನಿಮಿಷದಲ್ಲಿ ಅರ್ಧಕ್ಕರ್ಧ ಕರಗುತ್ತವೆ. ಹಾಗಾಗಿ ಸುಮ್ಮನೆ ನಿಂತರೂ ಬಿಪಿ ಇಳಿಯತೊಡಗುತ್ತದೆ. 150, 138. ‘ಮುಂದುವರಿಸಿ.’ ಇದು ಹತ್ತು ಸಲ ಆಗಬಹುದು. ‘ನಿಲ್ಲಿಸಿ’ ಎಂದಾಗ ಬೇಸರಿಸದೆ ನಿಲ್ಲುವ ಶಸ್ತ್ರವೈದ್ಯರು ಈ ಆಪರೇಷನ್‌ನ ಅರ್ಧ ಬಲ. ಆಪರೇಷನ್ ಮಾಡುವವರ ಅನುಭವ ಕೇಳುವಾಗ ಅವರೊಂದಿಗೆ ಇಂಥ ಕೇಸ್‌ಗಳಲ್ಲಿ ನಿಂತ ಅರಿವಳಿಕೆ ತಂಡ ಇದೆಯೇ ಎಂದೂ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಬಲಗಡೆಯ ಗಡ್ಡೆ ಎಂದಿದ್ದೀರಿ. ಗ್ರಂಥಿಯಿಂದ ರಕ್ತವನ್ನು ಹೊರಗೊಯ್ಯುವ ಬಲಗಡೆಯ ಅಡ್ರಿನಲ್ ಅಭಿಧಮನಿ ಗಿಡ್ಡ, ಅದು ನೇರವಾಗಿ ದೇಹದ ಅತಿ ದೊಡ್ಡ ಅಭಿಧಮನಿಯಾದ ಕೆಳ ಮಹಾಭಿಧಮನಿಗೆ ಕೂಡುತ್ತದೆ. ಎಡಗಡೆಯದು ಉದ್ದ, ಮೂತ್ರಪಿಂಡದ ಅಭಿಧಮನಿಯ ಮೂಲಕ ಹಾದುಹೋಗುತ್ತದೆ. ಆ ಗಿಡ್ಡ ನಾಳವನ್ನು ಬಿಡಿಸಿ ಕ್ಲಿಪ್ ಹಾಕುವುದು ನಾಜೂಕಿನ ಕೆಲಸ, ತುಸು ಹೆಚ್ಚು ಹೊತ್ತು ಹಿಡಿದರೆ ಗಾಬರಿಯಾಗಬೇಡಿ.

ಕ್ಲಿಪ್ ಬಿದ್ದ ಕ್ಷಣದಿಂದ ಕಥೆ ತಿರುಗುತ್ತದೆ. ಇಷ್ಟು ಹೊತ್ತು ಇಳಿಸಲು ಒದ್ದಾಡುತ್ತಿದ್ದವರು ಈಗ ಏರಿಸಲು ಶುರು ಮಾಡಬೇಕು. ಹಾರ್ಮೋನಿನ ಸುರಿತ ಒಮ್ಮೆಲೇ ನಿಂತಿದೆ. ವರ್ಷಗಟ್ಟಲೆ ಕೂಗು ಕೇಳಿ ಕೇಳಿ ರಿಸೆಪ್ಟರ್‌ಗಳು ಮಂದವಾಗಿವೆ. ಸಾಲದ್ದಕ್ಕೆ ನಾವೇ ಕಿವಿಗಿಟ್ಟ ಹತ್ತಿ ಇನ್ನೂ ಅಲ್ಲೇ ಇದೆ. ಫಿನಾಕ್ಸಿಬೆಂಜಮಿನ್ ಆದರೆ ಅದರ ಹಿಡಿತ ದಿನಕ್ಕೂ ಮೀರಿ ಉಳಿಯುತ್ತದೆ. ಜನ ಹೆದರುವುದು ಏರುವ ಬಿಪಿಗೆ, ಆದರೆ ಅನುಭವದಿಂದ ಹೇಳುತ್ತೇನೆ, ಸಿದ್ಧತೆ ಮಾಡಿಕೊಂಡ ರೋಗಿಯಲ್ಲಿ ನನ್ನನ್ನು ಹೆಚ್ಚು ಹೊತ್ತು ಕಾಡುವುದು ಈ ಇಳಿತವೇ. ಏರಿದ್ದು ಶಸ್ತ್ರವೈದ್ಯರು ಕೈ ತೆಗೆದರೆ ಇಳಿಯುತ್ತದೆ. ಇಳಿದದ್ದು ತಾನಾಗಿ ಏರುವುದಿಲ್ಲ.

ಅದಕ್ಕೇ ‘ಕ್ಲಿಪ್ ಹಾಕುತ್ತೇನೆ’ ಎಂಬ ಮಾತಿಗೆ ಮೊದಲೇ ಇಳಿಸುವ ಪಂಪ್‌ಗಳನ್ನು ತಗ್ಗಿಸಿ, ಡ್ರಿಪ್ ಬಿರುಸಾಗಿ ಬಿಟ್ಟಿರುತ್ತೇವೆ. ಈ ಮೂರು ವಾರ ನಿಮ್ಮ ತಾಯಿ ಕುಡಿದ ನೀರು, ತಿಂದ ಉಪ್ಪು ನೆರವಿಗೆ ಬರುವುದು ಈ ಐದು ಹತ್ತು ನಿಮಿಷಗಳಲ್ಲಿ. ಆಮೇಲೂ ಬೇಕಾದರೆ ನಾರ್‌ಅಡ್ರಿನಲಿನ್ ಡ್ರಿಪ್. ಇಷ್ಟು ಹೊತ್ತು ಶತ್ರುವಾಗಿದ್ದ ಹಾರ್ಮೋನನ್ನೇ ಅಳತೆ ಮಾಡಿ ನಾವು ಕೊಡುತ್ತೇವೆ. ಹತ್ತಿ ದಪ್ಪವಿದ್ದು ಅದೂ ಕೇಳಿಸದಿದ್ದರೆ ವಾಸೊಪ್ರೆಸಿನ್. ಅದು ಆಲ್ಫಾ ರಿಸೆಪ್ಟರ್‌ಗಳ ಹಂಗಿಲ್ಲದೆ ಬೇರೆ ಬಾಗಿಲಿನಿಂದ ಒಳಹೋಗಿ ನಾಳವನ್ನು ಬಿಗಿಯುತ್ತದೆ.

ಮೊದಲ ರಾತ್ರಿ ತೀವ್ರ ನಿಗಾ ಘಟಕದಲ್ಲಿ ಇರಬೇಕಾಗಬಹುದು. ಅದು ತೊಡಕಿನ ಲಕ್ಷಣವಲ್ಲ. ಅಲ್ಲಿ ಬಿಪಿಯಷ್ಟೇ ಮುಖ್ಯವಾಗಿ ನೋಡುವುದು ಸಕ್ಕರೆಯನ್ನು. ಗಡ್ಡೆ ಇದ್ದಷ್ಟು ದಿನ ಅದು ಇನ್ಸುಲಿನ್ ಸುರಿಯುವುದನ್ನು ಅದುಮಿಟ್ಟಿರುತ್ತದೆ. ಗಡ್ಡೆ ಹೋದೊಡನೆ ಇನ್ಸುಲಿನ್ ಉಕ್ಕಿ ಸಕ್ಕರೆ ತಟ್ಟನೆ ಇಳಿಯಬಹುದು. ಬೀಟಾ ಮಾತ್ರೆ ತೆಗೆದುಕೊಂಡಿದ್ದರೆ ನಡುಕ, ಡವಡವದಂಥ ಸೂಚನೆಗಳೂ ಮರೆಯಾಗಿರುತ್ತವೆ. ಹಾಗಾಗಿ ಮೊದಲ ಒಂದೆರಡು ದಿನ ಮತ್ತೆ ಮತ್ತೆ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ತಾಯಿ ಮಂಕಾಗಿ, ವಿಪರೀತ ನಿದ್ದೆಗಣ್ಣಾಗಿ ಕಂಡರೆ ‘ಅರಿವಳಿಕೆಯ ಅಮಲು ಇರಬೇಕು’ ಎಂದು ಸುಮ್ಮನಾಗದೆ ನರ್ಸ್‌ಗೆ ಹೇಳಿ, ಸಕ್ಕರೆ ನೋಡಿಸಿ. ಮೊದಲಿನಿಂದ ಮಧುಮೇಹದ ಔಷಧಿ ಇದ್ದರೆ ಅದರ ಪ್ರಮಾಣ ಆ ದಿನವೇ ಬದಲಾಗಬೇಕಾಗಬಹುದು.

ಅಪಾಯ ಎಷ್ಟು ಎಂದು ನೇರವಾಗಿ ಕೇಳಿದ್ದೀರಿ. ರೋಗ ಮೊದಲೇ ಗೊತ್ತಿದ್ದು, ಸಿದ್ಧತೆ ಆಗಿದ್ದು, ಅನುಭವಿ ತಂಡ ಮಾಡಿದರೆ ಪ್ರಾಣಾಪಾಯ ಇಂದು ಶೇ 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನೆದರ್ಲೆಂಡ್ಸ್‌ನ ಆ 134 ಜನರಲ್ಲಿ ತಿಂಗಳೊಳಗೆ ಯಾರೂ ತೀರಿಕೊಳ್ಳಲಿಲ್ಲ. ಏರಿಳಿತ ಹೆಚ್ಚಿರುವುದು ಯಾರಲ್ಲಿ ಎಂದರೆ ಗಡ್ಡೆ 4 ಸೆಂ.ಮೀ. ಮೀರಿದವರಲ್ಲಿ, ನಾರ್‌ಅಡ್ರಿನಲಿನ್ ಮಟ್ಟ ತುಂಬ ಹೆಚ್ಚಿರುವವರಲ್ಲಿ, ಮಾತ್ರೆಯ ನಂತರವೂ ಬಿಪಿ ಹಿಡಿತಕ್ಕೆ ಬರದವರಲ್ಲಿ. ನಿಮ್ಮ ತಾಯಿಯ ಗಡ್ಡೆ 4.5 ಸೆಂ.ಮೀ., ಆ ಗೆರೆಯ ಸ್ವಲ್ಪ ಮೇಲೆ. ಗಾತ್ರ ಬದಲಿಸುವುದು ಯಾರ ಕೈಯಲ್ಲೂ ಇಲ್ಲ, ಕೊನೆಯದು ಮಾತ್ರ ಈ ದಿನಗಳಲ್ಲಿ ನಮ್ಮ ನಿಮ್ಮ ಕೈಯಲ್ಲಿದೆ. ಆಪರೇಷನ್ ಹಿಂದಿನ ದಿನ ಡೈರಿಯ ಅಂಕೆ ಸರಿಯಿಲ್ಲದೆ ವೈದ್ಯರು ಇನ್ನೊಂದು ವಾರ ಮುಂದೂಡಿದರೆ ಅವರ ಮೇಲೆ ಸಿಟ್ಟಾಗಬೇಡಿ.

ನಿಜವಾದ ಅಪಾಯ ಗೊತ್ತಿಲ್ಲದ ಗಡ್ಡೆಯದು. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ರೋಗಿಗೆ ಪಿತ್ತಕೋಶದ ಆಪರೇಷನ್‌ಗೆಂದು ಅರಿವಳಿಕೆ ಕೊಟ್ಟು ಉಸಿರಿನ ನಳಿಕೆ ಇಳಿಸಿದ್ದೆ. ಬಿಪಿ 260 ದಾಟಿತು. ಪಟ್ಟಿ ಸರಿಯಿಲ್ಲವೇನೋ ಎಂದು ಇನ್ನೊಂದು ತೋಳಿಗೆ ಕಟ್ಟಿದೆವು, ಅಲ್ಲೂ ಅಷ್ಟೇ. ಚಾಕು ಮುಟ್ಟಿಸದೆ ಬಿಪಿ ಇಳಿಸಿ ರೋಗಿಯನ್ನು ಎಬ್ಬಿಸಿದೆವು. ಪಿತ್ತಕೋಶ ನೋಡಲು ಮಾಡಿದ್ದ ಹಳೆಯ ಸ್ಕ್ಯಾನ್ ವರದಿಯ ಕೊನೆಯ ಸಾಲಿನಲ್ಲಿ ‘ಅಡ್ರಿನಲ್‌ನಲ್ಲಿ ಸಣ್ಣ ಗಡ್ಡೆ’ ಎಂದಿತ್ತು, ಯಾರೂ ಅದರ ಬೆನ್ನು ಹತ್ತಿರಲಿಲ್ಲ. ನಾನೂ ಹಿಂದಿನ ಸಂಜೆ ಆ ವರದಿ ಕೈಯಲ್ಲಿ ಹಿಡಿದು ಮೊದಲ ಪುಟ ಮಾತ್ರ ಓದಿದ್ದೆ. ತಿಂಗಳ ಸಿದ್ಧತೆಯ ನಂತರ ಆ ಗಡ್ಡೆ ತೆಗೆದರು, ರೋಗಿ ಚೇತರಿಸಿಕೊಂಡರು. ಅಂದಿನಿಂದ ನಾನು ಸ್ಕ್ಯಾನ್ ವರದಿಯನ್ನು ಕೊನೆಯ ಸಾಲಿನಿಂದ ಓದಲು ಶುರು ಮಾಡುತ್ತೇನೆ.

ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನ್‌ನಲ್ಲಿ ಅಡ್ರಿನಲ್ ಗಡ್ಡೆ ಕಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವುಗಳಲ್ಲಿ ಬಹಳಷ್ಟು ಯಾವ ಹಾರ್ಮೋನೂ ಸುರಿಸದ ನಿರುಪದ್ರವಿಗಳು. ಸಿಟಿ ಸ್ಕ್ಯಾನ್‌ನಲ್ಲಿ ಕೊಬ್ಬಿನ ಅಂಶ ಸ್ಪಷ್ಟವಾಗಿ ಕಂಡರೆ ಫಿಯೋಕ್ರೋಮೋಸೈಟೋಮಾ ಅಲ್ಲವೆಂದು ಹೆಚ್ಚು ಕಡಿಮೆ ಹೇಳಬಹುದು. ಹಾಗೆ ಕಾಣದಿದ್ದರೆ ಯಾವುದೇ ಆಪರೇಷನ್‌ಗೆ ಮುಂಚೆ, ಮುಖ್ಯವಾಗಿ ಗಡ್ಡೆಗೆ ಸೂಜಿ ಚುಚ್ಚುವ ಮುಂಚೆ, ರಕ್ತದಲ್ಲೋ ಮೂತ್ರದಲ್ಲೋ ಮೆಟಾನೆಫ್ರಿನ್ (ಅಡ್ರಿನಲಿನ್ ಬಗೆಯ ಹಾರ್ಮೋನುಗಳು ಒಡೆದು ಉಂಟಾಗುವ ವಸ್ತು) ಪರೀಕ್ಷೆ ಆಗಲೇಬೇಕು. ಸೂಜಿಯೇ ಬಿಕ್ಕಟ್ಟು ತರಬಲ್ಲದು. ಅಡ್ರಿನಲ್ ಗ್ರಂಥಿಯ ಹೊರಪದರ ಆಲ್ಡೋಸ್ಟೆರಾನ್, ಕಾರ್ಟಿಸಾಲ್ ಎಂಬ ಬೇರೆ ಹಾರ್ಮೋನುಗಳನ್ನು ತಯಾರಿಸುತ್ತದೆ. ಆಲ್ಡೋಸ್ಟೆರಾನ್ ಸುರಿಸುವ ಗಡ್ಡೆಯಲ್ಲಿ ಬಿಪಿ ಹೀಗೆ ಕುಣಿಯುವುದಿಲ್ಲ, ಅಲ್ಲಿ ಪೊಟ್ಯಾಸಿಯಂ ಸರಿಪಡಿಸಿಕೊಳ್ಳುವುದು ಮುಖ್ಯ. ಕಾರ್ಟಿಸಾಲ್ ಸುರಿಸುವ ಗಡ್ಡೆ ತೆಗೆದ ಮೇಲೆ ಇನ್ನೊಂದು ಬದಿಯ ಗ್ರಂಥಿ ಮಲಗಿಬಿಟ್ಟಿರುವುದರಿಂದ ಕಾರ್ಟಿಸಾಲ್‌ನ ಬದಲಿಯಾದ ಹೈಡ್ರೋಕಾರ್ಟಿಸೋನ್ ಕೊಡದಿದ್ದರೆ ಬಿಪಿ ಕುಸಿಯುತ್ತದೆ.

ನೀವು ಕೇಳದ, ಆದರೆ ನಿಮಗೇ ಸಂಬಂಧಿಸಿದ ಒಂದು ಮಾತು ಉಳಿದಿದೆ. 1886ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಫೆಲಿಕ್ಸ್ ಫ್ರೆಂಕೆಲ್ ಎಂಬ ವೈದ್ಯ 18 ವರ್ಷದ ಒಬ್ಬ ಹುಡುಗಿಯ ಬಗ್ಗೆ ಬರೆದರು. ನಿಮ್ಮ ತಾಯಿಯಂತೆಯೇ ಆಗಾಗ ಎದೆ ಡವಡವ, ತಲೆನೋವು. ಆಕೆ ತೀರಿಕೊಂಡ ಮೇಲೆ ನೋಡಿದರೆ ಎರಡೂ ಅಡ್ರಿನಲ್‌ಗಳಲ್ಲಿ ಗಡ್ಡೆ. 1926ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಸೀಸರ್ ರೂ, ಅಮೆರಿಕದ ರಾಚೆಸ್ಟರ್‌ನಲ್ಲಿ ಚಾರ್ಲ್ಸ್ ಮೇಯೊ ಇಂಥ ಗಡ್ಡೆಗಳನ್ನು ಮೊದಲ ಬಾರಿಗೆ ತೆಗೆದು ರೋಗಿಗಳನ್ನು ಉಳಿಸಿಕೊಂಡರು, ಆಲ್ಫಾ ಮಾತ್ರೆಗಳು ಇನ್ನೂ ಹುಟ್ಟದ ಕಾಲದಲ್ಲಿ. ಫ್ರೈಬರ್ಗ್‌ನ ಆ ಹುಡುಗಿಯ ಕುಟುಂಬದ ಇಂದಿನ ತಲೆಮಾರಿನವರನ್ನು ಹುಡುಕಿ ಪರೀಕ್ಷಿಸಿದಾಗ, 2007ರಲ್ಲಿ, ಅವರಲ್ಲಿ ರೆಟ್ ಎಂಬ ಜೀನ್‌ನ ಬದಲಾವಣೆ ಸಿಕ್ಕಿತು. ನೂರಿಪ್ಪತ್ತು ವರ್ಷದ ನಂತರವೂ ಅದು ಕುಟುಂಬದೊಳಗೇ ಹರಿದು ಬರುತ್ತಿತ್ತು.

ಈ ಗಡ್ಡೆಯಿರುವ ಮೂವರಲ್ಲಿ ಒಬ್ಬರಿಗಾದರೂ ಅದು ವಂಶದಿಂದ ಬಂದಿರುತ್ತದೆ. ಆದ್ದರಿಂದ ಆಪರೇಷನ್ ಆಗಿ ತಾಯಿ ಚೇತರಿಸಿಕೊಂಡ ಮೇಲೆ ಅವರ ಜೀನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಅವರಲ್ಲಿ ಬದಲಾವಣೆ ಸಿಕ್ಕರೆ ಮಾತ್ರ ನೀವು, ನಿಮ್ಮ ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಸುಮಾರು ಎರಡರಿಂದ ಆರು ವಾರಕ್ಕೆ ತಾಯಿಯ ಮೆಟಾನೆಫ್ರಿನ್ ಮತ್ತೊಮ್ಮೆ ನೋಡಿ ಗಡ್ಡೆ ಪೂರ್ತಿ ಹೋಗಿದೆಯೇ ಖಚಿತಪಡಿಸಿಕೊಳ್ಳುತ್ತಾರೆ, ಆಮೇಲೆ ವರ್ಷಕ್ಕೊಮ್ಮೆ, ಕಡೇಪಕ್ಷ ಹತ್ತು ವರ್ಷ. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಬಿಪಿ, ಥೈರಾಯ್ಡ್ ಗಡ್ಡೆ, ಅಥವಾ ಕಾರಣ ತಿಳಿಯದ ಹಠಾತ್ ಸಾವು ಆಗಿದ್ದರೆ ಆಪರೇಷನ್‌ವರೆಗೆ ಕಾಯಬೇಡಿ, ಮುಂದಿನ ಭೇಟಿಯಲ್ಲೇ ಹೇಳಿಬಿಡಿ.